ಜುನ್‌ಷಾನ್ ಹಳದಿ ಚಹಾ: ದ್ವೀಪದ್ದಕ್ಕೂ ದಡದ್ದಕ್ಕೂ ಅಷ್ಟು ವ್ಯತ್ಯಾಸ ಇದೆಯಾ?

ಪ್ರಶ್ನೆ: ನನ್ನ ತಮ್ಮ ಶಾಂಘೈನಲ್ಲಿ ಕೆಲಸ ಮಾಡುತ್ತಾನೆ. ಈ ಸಲ ಊರಿಗೆ ಬರುವಾಗ ಎರಡು ಡಬ್ಬಿ ಹಳದಿ ಚಹಾ ತಂದ. ಎರಡರ ಮೇಲೂ ಜುನ್‌ಷಾನ್ ಯಿನ್‌ಝೆನ್ ಅಂತಲೇ ಇದೆ. ಒಂದು ಸರೋವರದ ನಡುವಿನ ದ್ವೀಪದಲ್ಲಿ ಬೆಳೆದದ್ದು, ಇನ್ನೊಂದು ದಡದ ತೋಟದ್ದು ಎಂದು ಅಂಗಡಿಯವರು ಹೇಳಿದರಂತೆ. ದ್ವೀಪದ್ದಕ್ಕೆ ಬೆಲೆ ನಾಲ್ಕು ಪಟ್ಟು. ಆದರೆ ಕುಡಿದು ನೋಡಿದರೆ ನನಗೆ ದಡದ್ದೇ ಇಷ್ಟವಾಯಿತು. ನಿಜವಾಗಿ ಬೆಳೆದ ಜಾಗದಿಂದ ರುಚಿ ಬದಲಾಗುತ್ತದಾ, ಇಲ್ಲ ಸುಮ್ನೆ ಹೆಸರಿಗೆ ದುಡ್ಡು ಕೊಡುತ್ತಿದ್ದೇವಾ? ಮುಂದಿನ ಸಲ ಸಿಚುವಾನ್ ಕಡೆಯ ಹಳದಿ ಚಹಾ ತರಿಸಲಾ? (ಬೆಂಗಳೂರಿನ ಓದುಗರೊಬ್ಬರು)

ಉತ್ತರ:

ಜಾಗದಿಂದ ರುಚಿ ಬದಲಾಗುತ್ತದೆ, ಅದರಲ್ಲಿ ಅನುಮಾನ ಬೇಡ. ಹಾಗಂತ ನಿಮ್ಮ ನಾಲಿಗೆಯನ್ನೂ ಅನುಮಾನಿಸಬೇಡಿ. ಹಳದಿ ಚಹಾದಲ್ಲಿ ಒಂದು ಕಷ್ಟ ಇದೆ. ಮಣ್ಣು, ಮಂಜು, ನೀರು ಎಲ್ಲ ಸೇರಿ ವರ್ಷವಿಡೀ ಗಿಡದಲ್ಲಿ ತುಂಬಿದ್ದನ್ನು ತಯಾರಿಸುವವರು ಮೂರೇ ದಿನದಲ್ಲಿ ಹಾಳು ಮಾಡಬಹುದು. ಅದೇ ಮೂರು ದಿನದಲ್ಲಿ ಸಾಧಾರಣ ತೋಟದ ಎಲೆಯನ್ನು ಒಳ್ಳೆಯ ಚಹಾ ಮಾಡಿಬಿಡಲೂಬಹುದು. ಅದಕ್ಕೇ ನಾನು ಯಾರಿಗಾದರೂ ಮೊದಲು ಹೇಳುವುದು, ಹಳದಿ ಸರಿಯಾಗಿ ಕೂತಿದೆಯಾ ನೋಡಿ, ಊರು ಯಾವುದು ಅಂತ ಆಮೇಲೆ ಕೇಳಿ ಎಂದು. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಜಾಗವನ್ನೇ ನೋಡೋಣ. ಹುನಾನ್ ಪ್ರಾಂತ್ಯದ ಯುಯೆಯಾಂಗ್ ನಗರದ ಬಳಿ ಡಾಂಗ್‌ಟಿಂಗ್ ಎಂಬ ದೊಡ್ಡ ಸರೋವರ ಇದೆ. ಶಿಯಾಂಗ್, ಝಿ, ಯುವಾನ್, ಲಿ ಎಂಬ ನಾಲ್ಕು ನದಿಗಳು ಬಂದು ಇದಕ್ಕೆ ಸೇರುತ್ತವೆ, ಸರೋವರದ ನೀರು ಮುಂದೆ ಯಾಂಗ್‌ಟ್ಸೆ ನದಿಗೆ ಹೋಗುತ್ತದೆ. ಈ ಸರೋವರದಲ್ಲಿರುವ ಪುಟ್ಟ ದ್ವೀಪವೇ ಜುನ್‌ಷಾನ್. ಅದರ ವಿಸ್ತೀರ್ಣ ಒಂದು ಚದರ ಕಿಲೋಮೀಟರಿಗಿಂತ ಸ್ವಲ್ಪ ಕಡಿಮೆ. ಅದರಲ್ಲೇ 72 ಗುಡ್ಡಗಳಿವೆ ಅನ್ನುತ್ತಾರೆ, ದೇವಸ್ಥಾನಗಳಿವೆ, ಬಿದಿರು ಮೆಳೆಗಳಿವೆ, ನೋಡಲು ಬರುವ ಜನರೂ ಇದ್ದಾರೆ. ಉಳಿದ ಜಾಗದಲ್ಲಿ ಚಹಾ ಗಿಡ. ಎಷ್ಟು ಚಹಾ ಬರಬಹುದು ನೀವೇ ಲೆಕ್ಕ ಹಾಕಿ. ಅರ್ಧ ಕಿಲೋ ಒಣ ಚಹಾಕ್ಕೆ ಸುಮಾರು 25,000 ಮೊಗ್ಗು ಬೇಕು. ಮೊಗ್ಗು ಅಂದರೆ ಹೂವಿನದ್ದಲ್ಲ, ಎಲೆ ಇನ್ನೂ ಬಿಚ್ಚಿಕೊಳ್ಳದ ತುದಿಯ ಕುಡಿ. ಒಂದೊಂದನ್ನೂ ಕೈಯಲ್ಲೇ ಕೀಳಬೇಕು. ಚಿಂಗ್ ಅರಸರ ಕಾಲದಲ್ಲಿ ಈ ದ್ವೀಪದಿಂದ ಅರಮನೆಗೆ ಹೋಗುತ್ತಿದ್ದ ಕಾಣಿಕೆ ಚಹಾ ವರ್ಷಕ್ಕೆ 18 ಜಿನ್, ಈಗಿನ ಲೆಕ್ಕದಲ್ಲಿ ಹತ್ತು ಕಿಲೋ ಆಸುಪಾಸು. ಚಕ್ರವರ್ತಿಗೇ ಅಷ್ಟು! ಹಾಗಾಗಿ ಇವತ್ತು ಅಂಗಡಿ ಅಂಗಡಿಯಲ್ಲಿ ಈ ಹೆಸರಿನಲ್ಲಿ ಸಿಗುವ ಚಹಾದಲ್ಲಿ ಹೆಚ್ಚಿನದು ದ್ವೀಪದ್ದಾಗಿರಲು ಸಾಧ್ಯವೇ ಇಲ್ಲ. ಸುತ್ತಮುತ್ತಲ ತೋಟಗಳದ್ದು, ಕೆಲವೊಮ್ಮೆ ಬಹಳ ದೂರದ್ದು. ನಿಮ್ಮ ತಮ್ಮನಿಗೆ "ಇದು ದಡದ್ದು" ಅಂತ ಹೇಳಿ ಕೊಟ್ಟ ಅಂಗಡಿಯವರು ಪ್ರಾಮಾಣಿಕರು. ಅವರನ್ನು ಬಿಡಬೇಡಿ.

ಒಳ್ಳೆಯ ಚಹಾ ಅಂದರೆ ಎತ್ತರದ ಬೆಟ್ಟ ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿ. ನೀಲಗಿರಿ, ಡಾರ್ಜಿಲಿಂಗ್ ನೋಡಿದವರಿಗೆ ಅದು ಸಹಜ. ಜುನ್‌ಷಾನ್‌ನಲ್ಲಿ ಆ ಎತ್ತರ ಇಲ್ಲ. ಗುಡ್ಡಗಳೆಲ್ಲ ಸಣ್ಣವು. ಬೆಟ್ಟ ಮಾಡುವ ಕೆಲಸವನ್ನು ಅಲ್ಲಿ ನೀರು ಮಾಡುತ್ತದೆ. ವಸಂತದಲ್ಲಿ ಸರೋವರದಿಂದ ಎದ್ದ ಮಂಜು ಬೆಳಗಿನ ಹೊತ್ತು ದ್ವೀಪದ ಮೇಲೆ ಕೂತಿರುತ್ತದೆ. ಗಾಳಿಯ ತೇವಾಂಶ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೂ ಸುಮಾರು 80 ಶೇಕಡಾ. ಮಳೆ ವರ್ಷಕ್ಕೆ 1,300 ಮಿಲಿಮೀಟರ್ ಚಿಲ್ಲರೆ, ಸರಾಸರಿ ಉಷ್ಣತೆ 16ರಿಂದ 17 ಡಿಗ್ರಿ. ಹಗಲು ಗಾಳಿ ಬೇಗ ಕಾಯುವುದಿಲ್ಲ, ರಾತ್ರಿ ಬೇಗ ತಣಿಯುವುದಿಲ್ಲ, ಯಾಕೆಂದರೆ ಅಷ್ಟು ದೊಡ್ಡ ನೀರು ಪಕ್ಕದಲ್ಲೇ ಇದೆ. ಮಾರ್ಚ್ ಕೊನೆಯಲ್ಲಿ ಒಂದೇ ರಾತ್ರಿ ಹಿಮ ಬಿದ್ದರೂ ಎಳೆ ಮೊಗ್ಗಿನ ತುದಿ ಸುಟ್ಟಂತಾಗುತ್ತದೆ. ಆ ಅಪಾಯ ನೀರಿನ ಪಕ್ಕದಲ್ಲಿ ಕಡಿಮೆ.

ಈ ಮಂಜು ರುಚಿಗೆ ಏನು ಮಾಡುತ್ತದೆ ಅಂತ ಕೇಳಿದರೆ, ಅದೇ ಮುಖ್ಯ ವಿಷಯ. ಚಹಾಕ್ಕೆ ಸಿಹಿ ಬೆರೆತ ಸಾರಿನ ಥರ ಬಾಯಿ ತುಂಬುವ ರುಚಿ ಕೊಡುವುದು ಥಿಯನೀನ್ ಎಂಬ ಅಮೈನೋ ಆಮ್ಲ. ಅದು ಬೇರಿನಲ್ಲಿ ತಯಾರಾಗಿ ಮೇಲೆ ಬರುತ್ತದೆ. ಮೇಲೆ ಬಂದದ್ದರ ಮೇಲೆ ಬಿಸಿಲು ಜೋರಾಗಿ ಬಿದ್ದರೆ ಗಿಡ ಅದನ್ನು ಒಡೆದು ಕ್ಯಾಟೆಚಿನ್ ಮಾಡಲು ಬಳಸಿಕೊಳ್ಳುತ್ತದೆ. ಕ್ಯಾಟೆಚಿನ್ ಅಂದರೆ ಒಗರು ಮತ್ತು ಕಹಿ. ಬಿಸಿಲು ಮಂಜಿನಲ್ಲಿ ಸೋಸಿ ಬಂದರೆ ಥಿಯನೀನ್ ಜಾಸ್ತಿ ಉಳಿಯುತ್ತದೆ, ಒಗರು ಕಡಿಮೆಯಾಗುತ್ತದೆ. ಚಿಕ್ಕಮಗಳೂರು ಕಡೆ ಕಾಫಿ ಗಿಡಕ್ಕೆ ನೆರಳು ಮರ ಮಾಡುವ ಕೆಲಸವನ್ನು ಅಲ್ಲಿ ಮಂಜು ಮಾಡುತ್ತದೆ ಅಂದುಕೊಳ್ಳಿ. ತಂಪಿನಲ್ಲಿ ಮೊಗ್ಗು ನಿಧಾನವಾಗಿ ಬೆಳೆಯುತ್ತದೆ, ಹಾಗಾಗಿ ಬೇಗ ನಾರು ಕಟ್ಟುವುದಿಲ್ಲ, ದಪ್ಪಗೆ ತುಂಬಿಕೊಳ್ಳುತ್ತದೆ. ದ್ವೀಪದ ಮಣ್ಣು ಮರಳು ಬೆರೆತ ಆಳವಾದ ಮಣ್ಣು. ಮಳೆ ಎಷ್ಟು ಬಂದರೂ ಬೇರಿನಲ್ಲಿ ನೀರು ನಿಲ್ಲುವುದಿಲ್ಲ. ಚಹಾ ಗಿಡಕ್ಕೆ ಹುಳಿ ಮಣ್ಣು ಬೇಕು, ನೀರು ಬೇಕು, ಆದರೆ ಬೇರು ಕೊಳೆಯುವ ಹಾಗೆ ನೀರು ನಿಂತರೆ ಆಗದು.

ಹಾಗಾದರೆ ಎದುರು ದಡದಲ್ಲಿ ಇದೆಲ್ಲ ಇಲ್ಲವಾ? ಇದೆ, ಸುಮಾರಾಗಿ ಇದೆ. ಸರೋವರದ ಪಕ್ಕದ ತೋಟವಾದರೆ ಮಂಜು ಅಲ್ಲಿಗೂ ಬರುತ್ತದೆ. ಯುಯೆಯಾಂಗ್‌ನಲ್ಲೇ ಬೇಯ್‌ಗಾಂಗ್ ಮಾವೋಜಿಯಾನ್ ಎಂಬ ಇನ್ನೊಂದು ಹಳೆಯ ಹಳದಿ ಚಹಾ ಇದೆ, ಅದು ದಡದ್ದೇ. ದೊಡ್ಡ ವ್ಯತ್ಯಾಸ ಬರುವುದು ನೀರಿನಿಂದ ದೂರ ಹೋದ ಹಾಗೆ, ಮತ್ತು ಗಿಡ ಯಾವುದು ಎಂಬುದರಲ್ಲಿ. ಬೀಜದಿಂದ ಬಂದ ಹಳೆಯ ಗಿಡಗಳು ಒಂದೊಂದೂ ಒಂದೊಂದು ದಿನ ಚಿಗುರುತ್ತವೆ, ರುಚಿಯೂ ಸ್ವಲ್ಪ ಸ್ವಲ್ಪ ಬೇರೆ, ಎಲ್ಲ ಬೆರೆತಾಗ ಬಾಯಲ್ಲಿ ಹಲವು ಪದರ ಸಿಗುತ್ತದೆ. ಹೊಸ ತೋಟಗಳಲ್ಲಿ ಕಡ್ಡಿ ನೆಟ್ಟು ಬೆಳೆಸಿದ ಒಂದೇ ತಳಿ ಇರುತ್ತದೆ. ಎಲ್ಲ ಗಿಡ ಒಟ್ಟಿಗೆ, ಬೇಗ ಚಿಗುರುತ್ತವೆ. ಮೊಗ್ಗು ಒಂದೇ ಅಳತೆ, ನೋಡಲು ಬಹಳ ಚೆಂದ. ಕುಡಿದರೆ ರುಚಿ ನೇರ, ಸ್ಪಷ್ಟ, ಆದರೆ ಒಂದೇ ಸ್ವರದಲ್ಲಿ ನಿಂತುಬಿಡುತ್ತದೆ. ನಿಮಗೆ ದಡದ್ದು ಇಷ್ಟವಾಗಲು ಈ ಸ್ಪಷ್ಟತೆಯೂ ಒಂದು ಕಾರಣ ಇರಬಹುದು. ಅದರಲ್ಲಿ ತಪ್ಪೇನೂ ಇಲ್ಲ.

ಈಗ ನಾನು ಹೇಳಿದ ಆ ಮೂರು ದಿನದ ವಿಷಯ. ಹಸಿರು ಚಹಾಕ್ಕೂ ಹಳದಿ ಚಹಾಕ್ಕೂ ಇರುವ ವ್ಯತ್ಯಾಸ ಇಷ್ಟೇ: ಬಾಣಲೆಯಲ್ಲಿ ಬಾಡಿಸಿದ ಎಲೆಯನ್ನು ತಕ್ಷಣ ಪೂರ್ತಿ ಒಣಗಿಸದೆ, ಇನ್ನೂ ತೇವ ಇರುವಾಗಲೇ ಸುತ್ತಿಟ್ಟು ಹಣ್ಣಾಗಲು ಬಿಡುತ್ತಾರೆ. ಚೀನಾದವರು ಇದಕ್ಕೆ ಮೆನ್‌ಹುವಾಂಗ್ ಅನ್ನುತ್ತಾರೆ. ಜುನ್‌ಷಾನ್‌ನಲ್ಲಿ ಇದು ಹೇಗೆ ನಡೆಯುತ್ತದೆ ಅಂದರೆ, ಮೊಗ್ಗನ್ನು ಬಾಡಿಸಿ, ಆರಿಸಿ, ಇದ್ದಿಲ ಹದ ಬಿಸಿಯಲ್ಲಿ ಅರ್ಧ ಒಣಗಿಸುತ್ತಾರೆ. ಆಮೇಲೆ ಒಂದೂವರೆ ಕಿಲೋ ಆಸುಪಾಸಿನ ಪೊಟ್ಟಣ ಮಾಡಿ, ದಪ್ಪ ಕಂದು ಕಾಗದದಲ್ಲಿ ಕಟ್ಟಿ ಪೆಟ್ಟಿಗೆಯಲ್ಲಿ ಇಡುತ್ತಾರೆ. 40ರಿಂದ 48 ಗಂಟೆ ಹಾಗೇ ಇರಬೇಕು. ಒಳಗೆ ತಾನಾಗಿಯೇ ಶಾಖ ಹುಟ್ಟುತ್ತದೆ, ಒಂದು ದಿನ ಕಳೆಯುವಷ್ಟರಲ್ಲಿ ಪೊಟ್ಟಣದ ನಡುವೆ ಸುಮಾರು 30 ಡಿಗ್ರಿ ಆಗಿರುತ್ತದೆ. ಆಗ ಬಿಚ್ಚಿ ಮೇಲಿನದ್ದು ಕೆಳಗೆ, ಕೆಳಗಿನದ್ದು ಮೇಲೆ ಮಾಡಿ ಮತ್ತೆ ಕಟ್ಟಬೇಕು. ಇಲ್ಲದಿದ್ದರೆ ನಡುವಿನದ್ದು ಹಳದಿ, ಅಂಚಿನದ್ದು ಹಸಿರು. ಆಮೇಲೆ ಮತ್ತೊಂದು ಸಲ ಒಣಗಿಸಿ, ಮತ್ತೆ ಸುಮಾರು 20 ಗಂಟೆ ಪೊಟ್ಟಣ. ಕೊನೆಗೆ ಪೂರ್ತಿ ಒಣಗಿಸುವುದು. ಶುರುವಿನಿಂದ ಕೊನೆವರೆಗೆ ಹತ್ತಿರ ಹತ್ತಿರ 72 ಗಂಟೆ.

ಆ ಪೊಟ್ಟಣದೊಳಗೆ ಹಸಿರು ಬಣ್ಣ ಕೊಡುವ ಕ್ಲೋರೋಫಿಲ್ ಒಡೆಯುತ್ತದೆ. ಒಗರು ಜಾಸ್ತಿ ಇರುವ ಕ್ಯಾಟೆಚಿನ್‌ಗಳು ಸ್ವಲ್ಪ ಮೆತ್ತಗಾಗುತ್ತವೆ. ಹಸಿರು ಚಹಾದ ಹುಲ್ಲಿನ ವಾಸನೆ ಹೋಗಿ ಎಳೆ ಮುಸುಕಿನ ಜೋಳ ಬೇಯಿಸಿದಂಥ ಸಿಹಿ ವಾಸನೆ ಬರುತ್ತದೆ. ಹೊತ್ತು ಕಡಿಮೆಯಾದರೆ ಅದು ಹೆಸರಿಗೆ ಹಳದಿ, ಕುಡಿಯಲು ಹಸಿರು ಚಹಾ. ಜಾಸ್ತಿಯಾದರೆ ಮುಗ್ಗಲು, ಒಮ್ಮೊಮ್ಮೆ ಹುಳಿ.

ಇಲ್ಲಿ ಜಾಗ ಎರಡನೇ ಸಲ ಕೈ ಹಾಕುತ್ತದೆ. ಇದನ್ನು ಜನ ಜಾಸ್ತಿ ಮಾತಾಡುವುದಿಲ್ಲ. ದಪ್ಪ ಮೊಗ್ಗಿನಲ್ಲಿ ನೀರು ಒಳಗೆ ಜಾಸ್ತಿ ಉಳಿದಿರುತ್ತದೆ, ಸಣಕಲು ಮೊಗ್ಗು ಬೇಗ ಒಣಗಿಬಿಡುತ್ತದೆ. ಎರಡಕ್ಕೂ ಒಂದೇ ಹೊತ್ತು ಹಿಡಿಸುವುದಿಲ್ಲ. ಬಿಸಿಲು ಜಾಸ್ತಿ ಕಂಡ ತೋಟದ ಎಲೆಯಲ್ಲಿ ಒಗರು ಹೆಚ್ಚು, ಹಾಗಾಗಿ ಅದಕ್ಕೆ ಪೊಟ್ಟಣದಲ್ಲಿ ಇನ್ನಷ್ಟು ಹೊತ್ತು ಬೇಕು. ಸರೋವರದ ಬದಿಯಲ್ಲಿ ಏಪ್ರಿಲ್ ತಿಂಗಳ ಗಾಳಿಯೇ ತೇವ. ಒಣ ಗಾಳಿಯ ಊರಿನಲ್ಲಿ ಅದೇ ಕಾಗದ, ಅದೇ ತೂಕ, ಅದೇ ಗಂಟೆ ಇಟ್ಟರೂ ಪೊಟ್ಟಣ ಬೇಗ ಆರುತ್ತದೆ. ಒಂದು ಕಡೆಯ ಲೆಕ್ಕವನ್ನು ಇನ್ನೊಂದು ಕಡೆ ಹಾಗೇ ಎತ್ತಿ ಹಾಕಿದರೆ ಚಹಾ ಕೆಡುತ್ತದೆ. ನಿಮ್ಮ ದುಬಾರಿ ಡಬ್ಬಿಗೆ ಇಂಥದ್ದೇ ಏನೋ ಆಗಿರುವ ಸಾಧ್ಯತೆ ದೊಡ್ಡದು. ಅದರಲ್ಲೂ ಈಚೆಗೆ ಬೆಲೆ ಜಾಸ್ತಿ ಇರುವ ಮೊಗ್ಗನ್ನು ಹಸಿರಾಗಿ, ಚೆಂದವಾಗಿ ಕಾಣಲಿ ಎಂದು ಪೊಟ್ಟಣದ ಹೊತ್ತನ್ನು ಕಡಿಮೆ ಮಾಡುವ ಚಾಳಿ ಇದೆ. ಹಸಿರು ಬಣ್ಣ ನೋಡಿ ದುಡ್ಡು ಕೊಡುವ ಗಿರಾಕಿಗಳೇ ಜಾಸ್ತಿ. ಮೂರು ದಿನ ಕಾಯುವ ಬದಲು ಅದೇ ಮೊಗ್ಗನ್ನು ಒಂದೇ ದಿನದಲ್ಲಿ ಹಸಿರು ಚಹಾ ಮಾಡಿ ಮಾರಬಹುದಾದಾಗ ಎಷ್ಟು ಜನ ಕಾಯುತ್ತಾರೆ ಹೇಳಿ? ಹಳದಿ ಚಹಾ ಅಪರೂಪವಾಗಿರುವುದಕ್ಕೆ ಜಾಗ ಸಣ್ಣದು ಎಂಬುದಕ್ಕಿಂತ ಇದು ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ. ನನಗೆ ಇದು ನಿಜವಾಗಿ ಸಂಕಟದ ವಿಷಯ.

ಇನ್ನೊಂದು ಮಾತು. ಮೆನ್‌ಹುವಾಂಗ್ ಆದಮೇಲೆ ಮೇಲಿನ ಪರಿಮಳದಲ್ಲಿ ಜಾಗದ ಗುರುತು ಮಸುಕಾಗುತ್ತದೆ. ಹಸಿರು ಚಹಾದಲ್ಲಿ ಮೂಸಿದ ಕೂಡಲೇ ಬೆಟ್ಟ ಗೊತ್ತಾಗುವ ಹಾಗೆ ಇಲ್ಲಿ ಗೊತ್ತಾಗುವುದಿಲ್ಲ. ಜಾಗ ಉಳಿಯುವುದು ದಪ್ಪದಲ್ಲಿ, ನುಂಗಿದ ಮೇಲೆ ಗಂಟಲಲ್ಲಿ ನಿಲ್ಲುವ ಸಿಹಿಯಲ್ಲಿ, ಮೂರನೇ ನಾಲ್ಕನೇ ಸಲ ನೀರು ಹಾಕಿದಾಗಲೂ ರುಚಿ ಬಿಡುವುದರಲ್ಲಿ. ಹಾಗಾಗಿ ದ್ವೀಪದ ಚಹಾವನ್ನು ಮೂಗಿನಿಂದ ಹುಡುಕಲು ಹೋಗಬೇಡಿ.

ಸಿಚುವಾನ್ ವಿಷಯಕ್ಕೆ ಬರೋಣ. ನೀವು ಹೇಳುತ್ತಿರುವುದು ಮೆಂಗ್‌ಡಿಂಗ್ ಹುವಾಂಗ್‌ಯಾ ಇರಬೇಕು. ಯಾಆನ್ ಎಂಬ ಊರಿನ ಬಳಿಯ ಮೆಂಗ್ ಬೆಟ್ಟದ್ದು. ಅತಿ ಎತ್ತರದ ಶಿಖರ 1,456 ಮೀಟರ್. ಯಾಆನ್‌ಗೆ ಚೀನಾದಲ್ಲಿ ಮಳೆಯ ನಗರ ಅಂತಲೇ ಹೆಸರು, ವರ್ಷದಲ್ಲಿ 200ಕ್ಕೂ ಜಾಸ್ತಿ ದಿನ ಮಳೆ. ನಮ್ಮ ಆಗುಂಬೆಯ ಹಾಗೆ ಧೋ ಅಂತ ಸುರಿಯುವುದಲ್ಲ, ಹೆಚ್ಚಾಗಿ ಜಿಟಿಜಿಟಿ. ಬಿಸಿಲು ನೆಟ್ಟಗೆ ಬೀಳುವ ದಿನಗಳೇ ಕಡಿಮೆ. ಸುತ್ತ ಬೆಟ್ಟಗಳಿರುವುದರಿಂದ ಉತ್ತರದ ಚಳಿಗಾಳಿ ಸಿಚುವಾನ್ ಬಯಲಿಗೆ ಅಷ್ಟಾಗಿ ನುಗ್ಗುವುದಿಲ್ಲ, ಹಾಗಾಗಿ ಗಿಡ ಬೇಗ ಚಿಗುರುತ್ತದೆ. ಟಾಂಗ್ ಅರಸರ ಕಾಲದಿಂದ ಅರಮನೆಗೆ ಹೋಗುತ್ತಿದ್ದ ಚಹಾ ಇದು. ಹಾನ್ ಕಾಲದಲ್ಲಿ ವು ಲಿಝೆನ್ ಎಂಬಾತ ಅಲ್ಲಿ ಮೊದಲು ಚಹಾ ಗಿಡ ನೆಟ್ಟ ಎಂಬ ಕಥೆಯನ್ನು ಅಲ್ಲಿಯವರು ಇವತ್ತಿಗೂ ಭಕ್ತಿಯಿಂದ ಹೇಳುತ್ತಾರೆ. ತಯಾರಿಯೂ ಬೇರೆ: ಬಾಣಲೆಯಿಂದ ತೆಗೆದು ಬಿಸಿ ಇರುವಾಗಲೇ ಕಾಗದದಲ್ಲಿ ಸುತ್ತಿ, ಮತ್ತೆ ಬಾಣಲೆಗೆ ಹಾಕಿ, ಮತ್ತೆ ಸುತ್ತಿ, ಹೀಗೆ. ಮೊಗ್ಗು ಚಪ್ಪಟೆಯಾಗಿ ನೇರವಾಗಿರುತ್ತದೆ. ಕುಡಿದರೆ ಜುನ್‌ಷಾನ್‌ಗಿಂತ ಸ್ವಲ್ಪ ಗಾಢ, ಸಿಹಿ ಜಾಸ್ತಿ, ಹುರಿದ ವಾಸನೆಯೂ ಸ್ವಲ್ಪ. ನಿಮಗೆ ಸ್ಪಷ್ಟ ರುಚಿ ಇಷ್ಟ ಅಂದಮೇಲೆ ಇದು ಹಿಡಿಸುತ್ತದೆ ಅನ್ನಿಸುತ್ತದೆ.

ಮೂರನೆಯದು ಆನ್‌ಹುಯಿ ಪ್ರಾಂತ್ಯದ ಹುವೋಷಾನ್ ಹುವಾಂಗ್‌ಯಾ. ದಾಬಿಯೆ ಪರ್ವತಗಳಲ್ಲಿ, ಒಳ್ಳೆಯ ತೋಟಗಳು 600 ಮೀಟರಿಗಿಂತ ಮೇಲೆ. ನಡುವೆ ನಿಂತೇಹೋಗಿದ್ದ ಈ ಚಹಾವನ್ನು 1970ರ ದಶಕದ ಆರಂಭದಲ್ಲಿ ಮತ್ತೆ ಮಾಡಲು ಶುರುಮಾಡಿದರು. ಮಣ್ಣು, ಎತ್ತರ, ಕಾಡು, ಎಲ್ಲ ಚೆನ್ನಾಗಿದೆ. ಆದರೆ ಈಗ ಸಿಗುವುದರಲ್ಲಿ ಬಹಳಷ್ಟು ಹಳದಿ ಆಗಿರುವುದೇ ಇಲ್ಲ. ಹಸಿರು ಚಹಾದ ಹಾಗೇ ಮಾಡಿಬಿಡುತ್ತಾರೆ. ಕೇಳಿ, ರುಚಿ ನೋಡಿ ಮಾತ್ರ ತೆಗೆದುಕೊಳ್ಳಿ.

ಈ ಮೂರು ಜಾಗಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಉಪಯೋಗದ ವಿಷಯ ಸಿಗುತ್ತದೆ, ಅದು ಕೊಯ್ಲಿನ ದಿನ. ಮೆಂಗ್‌ಡಿಂಗ್‌ನಲ್ಲಿ ಹಗಲು ರಾತ್ರಿ ಸಮ ಆಗುವ ಮಾರ್ಚ್ 20ರ ಸುಮಾರಿಗೆ ಕೀಳಲು ಶುರು. ಜುನ್‌ಷಾನ್‌ನಲ್ಲಿ ಏಪ್ರಿಲ್ 4 ಅಥವಾ 5ಕ್ಕೆ ಬರುವ ಛಿಂಗ್‌ಮಿಂಗ್ ಹಬ್ಬಕ್ಕೆ ಮೂರು ನಾಲ್ಕು ದಿನ ಮುಂಚೆ ಶುರುವಾಗಿ ಸುಮಾರು ಹತ್ತು ದಿನದಲ್ಲಿ ಮುಗಿಯುತ್ತದೆ. ಹುವೋಷಾನ್‌ನ ಎತ್ತರದ ತೋಟಗಳಲ್ಲಿ ಏಪ್ರಿಲ್ ನಡುವಿನವರೆಗೂ ಕಾಯಬೇಕು. ವರ್ಷದ ಹವಾಮಾನದಿಂದ ಸ್ವಲ್ಪ ಹಿಂದೆ ಮುಂದೆ ಆಗಬಹುದು. ಆದರೂ "ಅಸಲಿ ದ್ವೀಪದ್ದು" ಅಂತ ಹೇಳಿ ಮಾರ್ಚ್ ಮೊದಲ ವಾರದ ಕೊಯ್ಲು ಅಂತ ಯಾರಾದರೂ ಕೊಟ್ಟರೆ ಅದು ಬೇರೆ ಕಡೆಯ, ಬೇಗ ಚಿಗುರುವ ತಳಿಯ ಮೊಗ್ಗು ಅಂತ ಅನುಮಾನಪಡಿ. ಡಬ್ಬಿಯ ಮೇಲೆ ಪ್ಯಾಕ್ ಮಾಡಿದ ದಿನ ಇರುತ್ತದೆ, ಕೊಯ್ದ ದಿನ ಇರುವುದಿಲ್ಲ. ತಮ್ಮನಿಗೆ ಹೇಳಿ ಬಾಯಿಬಿಟ್ಟು ಕೇಳಿಸಿ.

ಗಾಜಿನ ಲೋಟದಲ್ಲಿ ಮೊಗ್ಗುಗಳು ನೆಟ್ಟಗೆ ನಿಂತು ಮೇಲೆ ಕೆಳಗೆ ಹೋಗುವುದನ್ನು ಅಂಗಡಿಯಲ್ಲಿ ತೋರಿಸಿ ಇದು ಅಸಲಿ ಜುನ್‌ಷಾನ್ ಅನ್ನುತ್ತಾರೆ. ನೋಡಲು ಬಹಳ ಸೊಗಸು, ನಾನೂ ಪ್ರತಿ ಸಲ ಕೂತು ನೋಡುತ್ತೇನೆ. ಆದರೆ ಅದು ಊರಿನ ಸಾಕ್ಷಿಯಲ್ಲ. ತೊಟ್ಟಿನ ಕಡೆ ನೀರು ಹೀರಿ ಭಾರವಾಗುತ್ತದೆ, ಮೊಗ್ಗಿನಿಂದ ಹೊರಬಂದ ಗಾಳಿಯ ಗುಳ್ಳೆ ತುದಿಯಲ್ಲಿ ಅಂಟಿ ಮೇಲಕ್ಕೆ ಎಳೆಯುತ್ತದೆ. ಗುಳ್ಳೆ ಒಡೆದರೆ ಕೆಳಗೆ. ಎಲ್ಲಿಯ ದಪ್ಪ ಮೊಗ್ಗಾದರೂ ಚೆನ್ನಾಗಿ ಒಣಗಿಸಿದ್ದರೆ ಹೀಗೆ ನಿಲ್ಲುತ್ತದೆ. ಮೊಗ್ಗು ತುಂಬಿದೆ, ಮುರಿದಿಲ್ಲ ಅನ್ನುವುದಕ್ಕಷ್ಟೇ ಇದು ಗುರುತು.

ಮನೆಯಲ್ಲೇ ಎರಡು ಡಬ್ಬಿಯನ್ನೂ ಸರಿಯಾಗಿ ಹೋಲಿಸಬೇಕಾದರೆ ಹೀಗೆ ಮಾಡಿ. ಎರಡು ಬಿಳಿ ಪಿಂಗಾಣಿ ಕಪ್ ತೆಗೆದುಕೊಳ್ಳಿ. ಒಂದೊಂದಕ್ಕೂ 3 ಗ್ರಾಂ ಚಹಾ, 150 ಮಿಲಿಲೀಟರ್ ಕುದಿವ ನೀರು, ಮುಚ್ಚಳ, ಐದು ನಿಮಿಷ. ದಿನಾ ಕುಡಿಯಲು ನಾನು 85 ಡಿಗ್ರಿ ಆಸುಪಾಸಿನ ನೀರು ಹಾಕುತ್ತೇನೆ, ಆದರೆ ಪರೀಕ್ಷೆಗೆ ಕುದಿವ ನೀರೇ ಬೇಕು, ದೋಷ ಎಲ್ಲ ಹೊರಬರುತ್ತದೆ. ಸೋಸಿ, ನೆಂದ ಮೊಗ್ಗನ್ನು ಬಿಳಿ ತಟ್ಟೆಯಲ್ಲಿ ಹರಡಿ. ಒಂದೆರಡು ಮೊಗ್ಗನ್ನು ಉಗುರಿನಿಂದ ಸೀಳಿ ನೋಡಿ. ಒಳಗೂ ಹೊರಗೂ ಒಂದೇ ತಿಳಿ ಹಳದಿ ಇದ್ದರೆ ಕೆಲಸ ಸರಿಯಾಗಿ ಆಗಿದೆ. ಹೊರಗೆ ಹಳದಿ ಒಳಗೆ ಹಸಿರು ಇದ್ದರೆ, ಅಥವಾ ಕೆಲವು ಹಸಿರು ಕೆಲವು ಕಂದು ಇದ್ದರೆ ಪೊಟ್ಟಣದ ಹದ ತಪ್ಪಿದೆ. ಆಮೇಲೆ ಬಿಸಿಯಲ್ಲಿ ಒಂದು ಸಲ, ಪೂರ್ತಿ ತಣ್ಣಗಾದ ಮೇಲೆ ಇನ್ನೊಂದು ಸಲ ಕುಡಿಯಿರಿ. ತಣ್ಣಗಾದಾಗ ಕೆಟ್ಟ ಚಹಾ ನಾಲಿಗೆ ಹಿಡಿಯುತ್ತದೆ, ಒಳ್ಳೆಯದು ಇನ್ನೂ ಸಿಹಿಯಾಗುತ್ತದೆ.

ನೀರಿನ ಬಗ್ಗೆ ಮರೆಯಬೇಡಿ. ಬೆಂಗಳೂರಿನಲ್ಲಿ ನಿಮ್ಮ ಮನೆಗೆ ಬೋರ್‌ವೆಲ್ ನೀರು ಬರುತ್ತಿದ್ದರೆ ಈ ಪರೀಕ್ಷೆಯೇ ದಂಡ. ಗಡಸು ನೀರಿನಲ್ಲಿ ಇಷ್ಟು ನಯವಾದ ಚಹಾದ ಬಣ್ಣ ಮಂಕಾಗುತ್ತದೆ, ಸಿಹಿ ಮುಚ್ಚಿಹೋಗುತ್ತದೆ, ಆಗ ಸ್ವಲ್ಪ ಒರಟು ಚಹಾವೇ ಗೆಲ್ಲುತ್ತದೆ. ಕಾವೇರಿ ನೀರು ಸೋಸಿ ಬಳಸಿ, ಇಲ್ಲದಿದ್ದರೆ ಖನಿಜ ಕಡಿಮೆ ಇರುವ ಬಾಟಲಿ ನೀರು. ನೀವು ಮೊದಲ ಸಲ ಯಾವ ನೀರು ಬಳಸಿದ್ದೀರಿ ಅಂತ ಬರೆದಿಲ್ಲ. ದಡದ ಚಹಾ ಗೆದ್ದದ್ದು ಅದರಿಂದಲೂ ಇರಬಹುದು, ಹಾಗಾಗಿ ಇನ್ನೊಂದು ಸಲ ಹೋಲಿಸಿ.

ಮುಂದಿನ ಸಲಕ್ಕೆ ನನ್ನ ಸಲಹೆ: ದ್ವೀಪದ್ದನ್ನು ದೊಡ್ಡ ಡಬ್ಬಿ ತರಿಸಬೇಡಿ. ಅದೇ ಅಂಗಡಿಯಿಂದ ದಡದ್ದು ಒಂದು 50 ಗ್ರಾಂ, ಮೆಂಗ್‌ಡಿಂಗ್ 25 ಗ್ರಾಂ ಸಾಕು. ಮೆಂಗ್‌ಡಿಂಗ್ ಕೊಳ್ಳುವಾಗ "ಎಷ್ಟು ಸಲ ಸುತ್ತಿಟ್ಟಿದ್ದೀರಿ?" ಅಂತ ತಮ್ಮ ಕೇಳಲಿ. ಬೆಟ್ಟದ ಎತ್ತರ, ಅರಮನೆ ಕಥೆ ಎಲ್ಲ ಹೇಳಿ ಈ ಒಂದು ಪ್ರಶ್ನೆಗೆ ಉತ್ತರ ಕೊಡದ ಅಂಗಡಿಯಲ್ಲಿ ಕೊಳ್ಳುವುದು ಬೇಡ. ಮನೆಗೆ ಬಂದಮೇಲೆ ಗಾಳಿಯಾಡದ ಪೊಟ್ಟಣದಲ್ಲಿ ಕಟ್ಟಿ ಫ್ರಿಜ್‌ನಲ್ಲಿಡಿ, ಹೊರತೆಗೆದ ತಕ್ಷಣ ಬಿಚ್ಚದೆ ಹೊರಗಿನ ಬಿಸಿಗೆ ಬಂದಮೇಲೆ ಬಿಚ್ಚಿ, ಮತ್ತು ಮುಂದಿನ ವಸಂತದೊಳಗೆ ಕುಡಿದು ಮುಗಿಸಿ.